ಆಲದೆಲೆಯ ಮುಂದೆ ನಿಂತುಹೋದ ನಿಶ್ಚಿತಾರ್ಥ

ಎಲೆ ಹಾಕಿ, ಉಪ್ಪು ಬಡಿಸಿ, ಪಲ್ಯದ ಪಾತ್ರೆ ಬರುವಷ್ಟರಲ್ಲಿ ನನಗೆ ಅತ್ತೆಯಾಗಬೇಕಿದ್ದ ತಿಪ್ಪಮ್ಮನವರು ತಮ್ಮ ಎಲೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು.

ಪಕ್ಕದಲ್ಲಿ ಕೂತಿದ್ದ ನಮ್ಮಜ್ಜಿಯೂ ತನ್ನ ಎಲೆ ತಳ್ಳಿದಳು. ಹೆಚ್ಚುಕಮ್ಮಿ ಒಟ್ಟಿಗೇ.

ಅದು ನನ್ನ ನಿಶ್ಚಿತಾರ್ಥ. ತೊಂಬತ್ತರ ದಶಕದ ಕೊನೆ.

ನಮ್ಮೂರು ದೊಡ್ಡಉಳ್ಳಾರ್ತಿ ಕಡೆ, ಕಾವಲಿನ ಹುಲ್ಲುಗಾವಲಿಗೆ ಅಂಟಿಕೊಂಡೇ ಇದೆ. ಅಪ್ಪನಿಗೆ ಕುರಿ, ಒಂದಿಷ್ಟು ಶೇಂಗಾ ಹೊಲ. ಹುಡುಗ ಓಬಳೇಶನ ಊರು ಮೊಳಕಾಲ್ಮುರು ದಾಟಿ, ಆಂಧ್ರದ ಗಡಿಗೆ. ಎರಡೂ ಕಡೆಯವರಿಗೆ ಬಸ್ಸಿಗೆ ಅನುಕೂಲ ಅಂತ ಚಳ್ಳಕೆರೆಯ ನಮ್ಮ ಸೋದರಮಾವನ ಮನೆಯಲ್ಲಿ ಕಾರ್ಯ ಇಟ್ಟುಕೊಂಡಿದ್ದರು.

ಓಬಳೇಶ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ನಾನು ಟೈಲರಿಂಗ್ ಕ್ಲಾಸಿಗೆ ಅದೇ ಊರಿಗೆ ಬರುತ್ತಿದ್ದೆ. ಮಾತುಕತೆ ಆದ ಮೇಲೆ ಒಂದೆರಡು ಸಲ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ.

ಅವನ ಕನ್ನಡದಲ್ಲಿ ಅರ್ಧ ತೆಲುಗು. ಮಂಡಕ್ಕಿ ಕೊಡಿಸುವಾಗ ಅಂಗಡಿಯವನಿಗೆ ‘ಬೊರುಗುಲು’ ಅಂದುಬಿಟ್ಟ. ನಾನು ನಕ್ಕು ನಕ್ಕು ಬಸ್ ತಪ್ಪಿಸಿಕೊಂಡೆ... ಆಮೇಲೆ ರಾತ್ರಿಯೆಲ್ಲ ಆ ಪದವನ್ನೇ ನೆನೆಸಿಕೊಂಡೆ. ಅಷ್ಟು ಇಷ್ಟ ಆಗಿದ್ದ.

ಈಗ ಎಲೆಗೆ ಬರ್ತೀನಿ.

ನಮ್ಮ ಕಡೆ ಮದುವೆಗೆ ಮೊದಲು ನೋಡುವುದೇ ಬೆಡಗು, ಗೋತ್ರ ಇದ್ದ ಹಾಗೆ. ಒಂದೇ ಬೆಡಗಿನವರು ಅಣ್ಣ-ತಂಗಿ ಇದ್ದಂತೆ, ಹೆಣ್ಣು ಕೊಟ್ಟು ತರುವಂತಿಲ್ಲ. ನಮ್ಮದು ಆಲದ ಬೆಡಗು. ಆಲದ ಮರ ಕಡಿಯುವುದಿಲ್ಲ, ಒಲೆಗೆ ಇಡುವುದಿಲ್ಲ, ಅದರ ಎಲೆಯಲ್ಲಿ ಉಣ್ಣುವುದಿಲ್ಲ.

ಓಬಳೇಶನ ಕಡೆಯವರನ್ನೂ ಕೇಳಿದ್ದರು. ‘ಮರ್ರೋರು’ ಅಂದಿದ್ದರು. ಹೆಸರು ಬೇರೆ, ಬೆಡಗು ಬೇರೆ. ಅಲ್ಲಿಗೆ ಮುಗಿದಿತ್ತು. ಮನೆ ಹೆಸರಿಗೆ ಅರ್ಥ ಯಾರು ಹುಡುಕುತ್ತಾರೆ?

ಮಾವನ ಬೆಡಗು ಬೇರೆ. ಪೇಟೆಯಿಂದ ಊಟದೆಲೆಯ ಕಟ್ಟು ತರುವಾಗ ಮುತ್ತುಗವೋ ಆಲವೋ ಅಂತ ಅವನು ನೋಡಿರಲಿಲ್ಲ.

ಅಜ್ಜಿ ಸಂಕೋಚದಿಂದ ಹೇಳಿದಳು, “ತಪ್ಪು ತಿಳ್ಕಾಬ್ಯಾಡ ಕಣವ್ವ. ನಾವು ಆಲದೆಲೇಲಿ ಉಣ್ಣಲ್ಲ. ಅದು ನಮ್ ಬೆಡಗು.”

ತಿಪ್ಪಮ್ಮನವರ ಮುಖ ಅರಳಿತು. ನಾವೂ ಉಣ್ಣುವುದಿಲ್ಲ, ಹೇಳೋದು ಹೆಂಗೆ ಅಂತ ಒದ್ದಾಡುತ್ತಿದ್ದೆ ಅಂದರು. ಇಬ್ಬರೂ ನಕ್ಕರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನೂ ನಕ್ಕೆ.

ಆ ನಗು ಹಾಗೇ ನಿಧಾನಕ್ಕೆ ಆರಿತು.

“ಮಾದೂ ಅದೇ ಕದಮ್ಮಾ... ಮರ್ರಿ,” ನಮ್ಮದೂ ಅದೇ ಅಲ್ವೇನಮ್ಮ ಅಂತ ತೆಲುಗಿನಲ್ಲೇ ಅಂದರು ತಿಪ್ಪಮ್ಮ.

ನಮ್ಮವ್ವನಿಗೆ ಅರ್ಥವಾಗಲಿಲ್ಲ. ಮರ್ರಿ ಅಂದ್ರೇನು ಅಂತ ಮಾವನನ್ನು ಕೇಳಿದಳು. ಶೇಂಗಾ ಮಂಡಿಯಲ್ಲಿ ತೆಲುಗಿನವರ ಜೊತೆಯೇ ವ್ಯವಹಾರ ಮಾಡುವ ಮಾವ, ಕೈಯಲ್ಲಿ ಪಾಯಸದ ಬಕೆಟ್ ಹಿಡಿದೇ ತಗ್ಗಿದ ದನಿಯಲ್ಲಿ ಹೇಳಿದ.

“ಆಲ.”

ಆಮೇಲೆ ಯಾರು ಏನು ಮಾತಾಡಿದರೋ ನನಗೆ ಸರಿಯಾಗಿ ನೆನಪಿಲ್ಲ. ಮನೆದೇವರು ಬೇರೆ ಇದ್ದರೆ ನಡೆಯುತ್ತದೆ ಅಂದರು ಒಬ್ಬರು. ಭಾಷೆ ಬೇರೆಯಾದ ಮೇಲೆ ಬೆಡಗೂ ಬೇರೆಯೇ ಅಂದರು ಇನ್ನೊಬ್ಬರು. ಒಂದೇ ಮರದವರು ಮೇವು ಹುಡುಕಿಕೊಂಡು ಯಾವಾಗಲೋ ಬೇರೆ ಬೇರೆ ಕಡೆ ಹೋಗಿರಬೇಕು ಅಂದ ಓಬಳೇಶನ ಅಪ್ಪ. ಅಷ್ಟು ಹೇಳಿ ಎದ್ದು ಕೈ ತೊಳೆದುಕೊಂಡ. ಊಟ ಮುಟ್ಟಿರಲೇ ಇಲ್ಲ ಅವನು.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅವರು ತಂದಿದ್ದ ಮೊಳಕಾಲ್ಮುರು ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಅಕ್ಕಿ-ಕೊಬ್ಬರಿ ಇಟ್ಟುಕೊಂಡು ಒಳಗೆ ಕೂತಿದ್ದೆ. ಕಿಟಕಿಯಾಚೆ ಓಬಳೇಶ ನಿಂತಿದ್ದ. ಅವನ ಕಡೆ ನೋಡಬಹುದೋ ಬಾರದೋ...

“ಅವ್ವಾ, ಈ ಸೀರೆ ಬಿಚ್ಲಾ, ಇರ್ಲಾ?” ಅಂದೆ.

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಹೋದಳು.

ಸ್ವಲ್ಪ ಹೊತ್ತಿಗೆ ತಿಪ್ಪಮ್ಮನವರೇ ಒಳಗೆ ಬಂದರು. ನಾನು ಎದ್ದು, ಸೀರೆ ಬದಲಿಸಿ ಕೊಡ್ತೀನಿ ಅಂದೆ. ಅವರು ನನ್ನ ಭುಜ ಒತ್ತಿ ಕೂರಿಸಿದರು.

“ಬ್ಯಾಡಮ್ಮ. ಸೊಸಿ ಅಂತ ತಂದಿದ್ದೆ. ಮಗಳು ಅಂತ ಉಟ್ಕೋ.”

ನನಗೆ ಅಳು ಬಂತು. ಯಾವುದಕ್ಕೆ ಬಂತು ಅಂತ ಇವತ್ತಿಗೂ ಗೊತ್ತಿಲ್ಲ. ಗಂಡ ಆಗಬೇಕಾದವನು ಹೋದದ್ದಕ್ಕೋ, ಇಷ್ಟು ಒಳ್ಳೆಯ ಹೆಂಗಸಿನ ಮಗಳಾದದ್ದಕ್ಕೋ...

ಉಣ್ಣದೆ ಹೋಗಬಾರದು ಅಂತ ಅಕ್ಕಪಕ್ಕದ ಮನೆಗಳಿಂದ ಸ್ಟೀಲ್ ತಟ್ಟೆ ತಂದರು. ಎಲ್ಲರೂ ಹೋಳಿಗೆ ಉಂಡರು. ಬೀಗರ ಊಟವಲ್ಲ, ಅಣ್ಣತಮ್ಮಂದಿರ ಊಟ. ಅಪ್ಪ ಅಂತೂ ಓಬಳೇಶನ ಅಪ್ಪನನ್ನು ಆಗಲೇ ಅಣ್ಣ ಅನ್ನತೊಡಗಿದ್ದ. ನನಗೆ ಸಿಟ್ಟು ಬಂತು... ಇಷ್ಟು ಸಲೀಸಾ?

ಹೊರಡುವಾಗ ಓಬಳೇಶ ಬಾಗಿಲಲ್ಲಿ ನಿಂತು “ಬರ್ತೀನಮ್ಮಾ” ಅಂದ. ತಂಗಿಗೆ ಹೇಳುವ ಹಾಗೆ. ಅಂದವನ ದನಿಯೂ ಸರಿ ಇರಲಿಲ್ಲ.

ಮುಂದೆ ನನಗೆ ಹಿರಿಯೂರು ಕಡೆ ಮದುವೆ ಆಯಿತು. ಒಳ್ಳೆಯ ಮನುಷ್ಯ, ಈ ಕಥೆ ಎಲ್ಲ ಗೊತ್ತು. ನನಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಪಂಚಮಿಗೆ ತವರಿಗೆ ಕರೆಯಲು ಬರುವವನು ಓಬಳೇಶನೇ. ಮೊದಲೆರಡು ವರ್ಷ ಇಬ್ಬರೂ ಬಸ್ಸಿನಲ್ಲಿ ಆ ಕಡೆ ಈ ಕಡೆ ನೋಡಿಕೊಂಡೇ ಬಂದೆವು. ಆಮೇಲೆ ಮಾತು ಬಂತು. ಅವನ ಹೆಂಡತಿಗೆ ನಾನು ನಾದಿನಿ, ಮಕ್ಕಳು ಅತ್ತೆ ಅನ್ನುತ್ತವೆ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ...

ಹೋದ ವಾರ ತಿಪ್ಪಮ್ಮನವರು ಫೋನ್ ಮಾಡಿಸಿದ್ದರು. ತುಂಬಾ ವಯಸ್ಸಾಗಿದೆ, ಮಾತು ಈಗ ಪೂರ್ತಿ ತೆಲುಗೇ. ಓಬಳೇಶನೇ ಪಕ್ಕದಲ್ಲಿ ನಿಂತು ಕನ್ನಡ ಮಾಡಿ ಹೇಳುತ್ತಿದ್ದ.

ಅವನ ಮಗನಿಗೆ ನನ್ನ ಮಗಳನ್ನು ಕೇಳುತ್ತಿದ್ದಾರೆ.

ಅಣ್ಣನ ಮಗ, ತಂಗಿಯ ಮಗಳು. ಮಗಳಿಗೆ ಅವಳಪ್ಪನ ಬೆಡಗು. ನಮ್ಮ ಲೆಕ್ಕದಲ್ಲಿ ಇದಕ್ಕಿಂತ ಸರಿಯಾದ ಸಂಬಂಧ ಇಲ್ಲ.

“ಅವ್ವ ಹೇಳ್ತೈತೆ,” ಅಂದ ಓಬಳೇಶ. “ಅವತ್ತು ದಾರಿ ತಪ್ಪಿ ಬಂದಿದ್ವಂತೆ. ಈಗ ಸರಿಯಾಗಿ ಬರ್ತೀವಂತೆ.”

ಮಗಳನ್ನು ಕೇಳಿ ಹೇಳ್ತೀನಿ ಅಂದೆ. ಕೇಳಿದೆ. ಅವಳು ಯೋಚನೆ ಮಾಡ್ತೀನಿ ಅಂದಿದ್ದಾಳೆ. ಹುಡುಗನ ಜೊತೆ ಮಾತಾಡುತ್ತಲೂ ಇದ್ದಾಳೆ. ಅವಳಿಗೇನೂ ಗೊಂದಲ ಇದ್ದ ಹಾಗಿಲ್ಲ.

ಗೊಂದಲ ಎಲ್ಲ ನನಗೇ... ಅವಳು ಹೂಂ ಅಂದುಬಿಟ್ಟರೆ, ನಾನು ಸೊಸೆಯಾಗಿ ಹೋಗಬೇಕಿದ್ದ ಮನೆಗೆ ಬೀಗಿತ್ತಿಯಾಗಿ ಯಾವ ಮುಖ ಇಟ್ಟುಕೊಂಡು ಹೋಗಲಿ, ನೀವೇ ಹೇಳಿ?