ಸೊಣ್ಣಮ್ಮನ ಎರಡು ಹಲ್ಲಿಗೆ ಒಂದು ಮೆತ್ತನೆಯ ಏಡಿ

ಚಿಕ್ಕಮಾರಯ್ಯ ಅಮೃತಹಳ್ಳಿ ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಆದರೆ ಅವನಿಗೆ ಹೆಸರು ಬಂದದ್ದು ಏಡಿಯಿಂದ. ನನಗೆ ಅವನು ದೊಡ್ಡಪ್ಪನ ಮಗ. ಅವನನ್ನು ಅಣ್ಣ ಅಂದ ತಪ್ಪಿಗೆ ೧೯೬೧ರ ಒಂದು ಭಾನುವಾರ ನನ್ನ ಕಾಲು ಬಿದ್ದುಹೋದವು. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಏಡಿ ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಬೇಕು. ಕಳಚಿದ ಹೊಸದರಲ್ಲಿ ಅದರ ಮೈ ನೆನೆಸಿದ ಅವಲಕ್ಕಿಯಷ್ಟು ಮೆತ್ತಗಿರುತ್ತದೆ. ಆಗ ಹುರಿದರೆ ಕಾಲು, ಕೊಂಡಿ ಸಮೇತ ತಿನ್ನಬಹುದು, ಉಗಿಯುವುದಕ್ಕೇನೂ ಇರುವುದಿಲ್ಲ. ಗಾಳಕ್ಕೆ ಚುಚ್ಚಿದರೆ ಕೊರವ ಮೀನು ಮಾನ ಮರ್ಯಾದೆ ಬಿಟ್ಟು ಬರುತ್ತದೆ. ಆದರೆ ಅರ್ಧ ದಿನ ತಡವಾದರೆ ಮೈ ಮತ್ತೆ ಬಿಗಿಯಾಗತೊಡಗುತ್ತದೆ.

ಅಂಥದ್ದನ್ನು ಹುಡುಕುವುದರಲ್ಲಿ ಅಣ್ಣ ಪಂಡಿತ. ಏರಿಯ ಬುಡದಲ್ಲಿ ಬಿಲದ ಬಾಯಿಗೆ ಹಸಿ ಮಣ್ಣು ಮೆತ್ತಿದ್ದರೆ ಒಳಗೆ ‘ಬಾಣಂತಿ’ ಇದೆ ಎನ್ನುತ್ತಿದ್ದ. ತೆಗೆದು ನೋಡಿದರೆ ಚಿಪ್ಪು ಮಂಕಾಗಿರಬೇಕು, ಮುಂದೆ ಹುಳು ಹಿಡಿದರೂ ಮೂಸಬಾರದು, ಬೆನ್ನ ಹಿಂದಿನ ಅಂಚಿನಲ್ಲಿ ಸಣ್ಣ ಬಿರುಕು ಬಿಟ್ಟಿರಬೇಕು. ಅಂಥದ್ದನ್ನು ಮನೆಗೆ ತಂದು ನೀರಿನಲ್ಲಿಟ್ಟು, ಕಳಚುವ ತನಕ ಕಾಯಬೇಕು.

ಇಡುವುದು ಎಲ್ಲಿ? ಅಂಜಿನಮ್ಮತ್ತಿಗೆಯ ಪಾತ್ರೆಗಳಲ್ಲಿ. ಬಿಂದಿಗೆಯಲ್ಲಿ ಒಂದು, ಮದುವೆಗೆ ತವರಿನವರು ಕೊಟ್ಟ ಹಿತ್ತಾಳೆ ಗಂಗಾಳದಲ್ಲಿ ಒಂದು. ಅತ್ತಿಗೆ ಆರು ವರ್ಷ ಸಹಿಸಿದಳು. ಕಡೆಗೆ ಒಂದು ದಿನ ಮುದ್ದೆಗೆ ಎಸರಿಡಲು ತಪ್ಪಲೆಯೊಳಗೆ ಕೈ ಹಾಕಿದಾಗ, ಅಣ್ಣ ಹೇಳದೆ ಬಿಟ್ಟಿದ್ದ ಏಡಿ ಅವಳ ಬೆರಳು ಹಿಡಿಯಿತು. ಕಿರುಚಿಕೊಂಡು ಕೈ ಒದರಿದಳು, ಏಡಿ ಹಾರಿ ಮೂಲೆಗೆ ಬಿತ್ತು. ಅಣ್ಣ ಓಡಿ ಬಂದವನು ಗೋಡೆಯ ಮೂಲೆಗೆ ಹೋಗಿ ಏಡಿಯನ್ನೆತ್ತಿಕೊಂಡು, “ಕೊಂಡಿ ಮುರೀತೇನೇ?” ಎಂದ.

“ನಂಗೆ ಜ್ವರ ಬಂದ್ರೆ ಒಂದ್ಲೋಟ ಗಂಜಿ ಕಾಯಿಸ್ದೋನಲ್ಲ, ಏಡಿಗೆ ಬಾಣಂತನ ಮಾಡ್ತೀಯಾ?” ಎಂದು ಅತ್ತಿಗೆ ಸೋಲದೇವನಹಳ್ಳಿಯ ತವರಿಗೆ ಹೋದಳು.

ಹದಿನೈದು ದಿನ ಅಣ್ಣ ಗಂಟುಗಂಟು ಮುದ್ದೆ ನುಂಗಿದ. ಅಷ್ಟರಲ್ಲಿ ಅವನ ಅತ್ತೆ ಸೊಣ್ಣಮ್ಮನಿಂದ ಸುದ್ದಿ ಬಂತು. ಮುದುಕಿಗೆ ಉಳಿದಿರುವುದು ಎರಡೇ ಹಲ್ಲು, ಅವೂ ಒಂದರ ಮೇಲೊಂದು ಕೂರುವುದಿಲ್ಲ. ಏಡಿ ತಿಂದು ಹತ್ತು ವರ್ಷವಾಗಿದೆ. ಅಳಿಯನ ವಿದ್ಯೆ ನಿಜವಾದರೆ ಭಾನುವಾರ ತನ್ನ ಬಾಯಿಗಾಗುವಂಥ ಒಂದು ಏಡಿ ತರಲಿ, ಮಗಳನ್ನು ಕಳಿಸುವ ಮಾತು ಆಮೇಲೆ.

ಊರಿಗೆಲ್ಲ ಇದ್ದದ್ದು ಒಂದೇ ಸೈಕಲ್, ಅದು ನನ್ನದು. ಯಶವಂತಪುರದ ಕಾರ್ಖಾನೆಗೆ ವಾರದ ಆರು ದಿನ ತುಳಿದು, ಏಳನೆಯ ದಿನ ಮಲಗಿದ್ದವನನ್ನು ಅಣ್ಣ ಎಬ್ಬಿಸಿದ. ಕ್ಯಾರಿಯರ್ ಮೇಲೆ ಅವನು, ಅವನ ತೊಡೆಯ ಮೇಲೆ ಜೊಂಡು ತುಂಬಿದ ಮಡಕೆ, ಅದರೊಳಗೆ ಇನ್ನೇನು ಕಳಚಲಿದ್ದ ಬಾಣಂತಿ. ಕೊಡಿಗೇಹಳ್ಳಿ ದಾಟುವವರೆಗೂ “ಹಳ್ಳ ನೋಡ್ಕಂಡು ತುಳಿಯೋ, ಅದಕ್ಕೆ ಗಾಬರಿ ಆಯ್ತದೆ” ಎನ್ನುತ್ತಲೇ ಇದ್ದ. ನನ್ನ ಗಾಬರಿ ಕೇಳುವವರಿರಲಿಲ್ಲ.

ಜಾಲಹಳ್ಳಿಯ ಹತ್ತಿರ ಇಣುಕಿ ನೋಡಿ, “ನಿಲ್ಸು! ಶುರುವಾಯ್ತು!” ಎಂದ. ಹೊಂಗೆ ಮರದ ಕೆಳಗೆ ಕುಳಿತೆವು. ಅಷ್ಟರಲ್ಲಿ ಕಲಾಯಿ ಹಾಕುವ ಖಾದರ್ ಬಾಷಾ ಹೆಗಲ ತುಂಬ ಪಾತ್ರೆ ಝಣಝಣಿಸುತ್ತ ಬಂದ. ಅಣ್ಣ ತುಟಿಯ ಮೇಲೆ ಬೆರಳಿಟ್ಟು, “ಸದ್ದು ಮಾಡ್ಬೇಡಿ ಸಾಬ್ರೇ, ಇಲ್ಲಿ ಹೆರಿಗೆ ಆಯ್ತಾ ಇದೆ” ಎಂದ.

ಪಾಪ, ಆತ ಪಾತ್ರೆಗಳನ್ನು ಅಪ್ಪಿಕೊಂಡು ಸುತ್ತಲೂ ಹೆಂಗಸನ್ನು ಹುಡುಕಿದ. “ಸೂಲಗಿತ್ತಿ ಬೇಕಾ ಸ್ವಾಮಿ?” ಎಂದು ಪಿಸುಗುಟ್ಟಿದ. ಮಡಕೆಯೊಳಗೆ ನೋಡಿದ ಮೇಲೆ ನಮ್ಮಿಬ್ಬರ ಮುಖವನ್ನು ಸರದಿಯಂತೆ ನೋಡಿ, ತುದಿಗಾಲಲ್ಲಿ ಹೊರಟುಹೋದ.

ಏಡಿ ಹಿಂದಕ್ಕೆ ಹಿಂದಕ್ಕೆ ಜಾರಿ ಹೊರಬಂತು. ಬಿಟ್ಟ ಚಿಪ್ಪು ಮಾತ್ರ ಕಣ್ಣು, ಕಾಲು, ಕೊಂಡಿ ಸಮೇತ ಥೇಟ್ ಏಡಿಯಂತೆಯೇ ಪಕ್ಕದಲ್ಲಿತ್ತು. ಅದನ್ನು ಅಲ್ಲೇ ಎಸೆಯುವಷ್ಟು ಬುದ್ಧಿ ನಮಗಿಬ್ಬರಿಗೂ ಇರಲಿಲ್ಲ.

ಸೋಲದೇವನಹಳ್ಳಿಯಲ್ಲಿ ಮಡಕೆಯನ್ನು ಸೊಣ್ಣಮ್ಮನ ಕೈಗೆ ಕೊಟ್ಟು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆವು. ಮುದುಕಿ ನೋಡಿದಾಗ ಒಳಗೆ ಎರಡು ಏಡಿ. ಒಂದು ಗಟ್ಟಿಮುಟ್ಟು, ಇನ್ನೊಂದು ಸೋತು ಸುಣ್ಣವಾಗಿ ಬಿದ್ದದ್ದು. ಬಿಸಿಲಿಗೆ ಕೊಳೆತಿದೆ ಎಂದು ಮೆತ್ತನೆಯದನ್ನು ಅಂಗಳಕ್ಕೆಸೆದು, ಚಿಪ್ಪನ್ನು ಕುದಿಯುವ ಸಾರಿಗೆ ಬಿಟ್ಟಳು. ಅಂಗಳದಲ್ಲಿದ್ದ ಹೇಂಟೆ ಕೋಳಿ ಕೊಳೆತದ್ದೋ ಎಳೆಯದೋ ಎಂದು ವಿಚಾರಿಸಲಿಲ್ಲ.

ಊಟಕ್ಕೆ ಕೂತಾಗ ಸೊಣ್ಣಮ್ಮ ಬಾಯಿಗಿಟ್ಟು ಕರಕ್ ಎನಿಸಿದಳು. “ಅಳೀಮಯ್ಯ, ಇದ್ರೊಳಗೆ ಬರೀ ಗಾಳಿ ಐತಲ್ಲಪ್ಪ?” ಎಂದು ಒಂದು ಹಲ್ಲನ್ನು ತೆಗೆದು ತಟ್ಟೆಯ ಅಂಚಿಗಿಟ್ಟಳು. ಅಣ್ಣ ತಟ್ಟೆ ನೋಡಿದ, ಅಂಗಳದಲ್ಲಿ ಕೊಕ್ಕು ಒರೆಸುತ್ತಿದ್ದ ಹೇಂಟೆಯನ್ನು ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತು. ಬೆಳಗಿನಿಂದ ಬೈದುಕೊಂಡು ಬಂದಿದ್ದ ನಾನೇ ನನ್ನ ಮುದ್ದೆಯಲ್ಲಿ ಅರ್ಧ ಮುರಿದು ಅವನ ತಟ್ಟೆಗಿಟ್ಟೆ.

ಆಗ ಬಾಗಿಲ ಹಿಂದಿನಿಂದ ಅತ್ತಿಗೆಯ ದನಿ ಬಂತು. ನಾವು ಬಂದಾಗಿನಿಂದ ಅವಳು ಮುಖ ತೋರಿಸಿರಲಿಲ್ಲ. ಗಂಡನೊಡನೆ ಮಾತಿಲ್ಲವಾದ್ದರಿಂದ ನನ್ನನ್ನು ಕೇಳಿದಳು. “ಮನೇಲಿ ಇನ್ನೊಂದು ಐತಾ ಕೇಳಪ್ಪ ನಿಮ್ಮಣ್ಣನ್ನ.”

“ಐತೆ ಅನ್ನು. ನಾಳೆ ಸಂಜೆಗೆ ಕಳಚ್ತದೆ,” ಎಂದ ಅಣ್ಣ ನನಗೆ.

“ಬೆನ್ನ ಬಿರುಕು ಎಷ್ಟಗಲ ಐತೆ ಕೇಳು.”

“ಅಕ್ಕಿ ಕಾಳಷ್ಟು.”

“ಎಲ್ಲಿಟ್ಟವ್ನೆ ಕೇಳು.”

“ಹಂಡೇಲಿ. ಇನ್ನೂ ನಾಕು ಅವೆ ಜೊತೇಲಿ.”

ಅತ್ತಿಗೆ ಧಡಾರನೆ ಹೊರಗೆ ಬಂದಳು. “ಥೂ ನಿನ್ನ! ಅಕ್ಕಿ ಕಾಳಷ್ಟು ಬಿಟ್ಟಿದ್ರೆ ನಾಳೆ ಅಲ್ಲ, ಇವತ್ತು ಸಂಜೇಗೇ ಕಳಚ್ತದೆ! ಮೆತ್ತಗಿರೋದನ್ನ ಮಿಕ್ಕವು ಬಿಡ್ತಾವೇನಯ್ಯ? ಕಿತ್ತು ತಿಂದಾಕ್ತವೆ! ಆರು ವರ್ಷ ಅವನ್ನ ಬೇರೆ ಬೇರೆ ಪಾತ್ರೇಲಿ ಎತ್ತಿಟ್ಟೋಳು ಯಾರು ಅಂದ್ಕಂಡಿದ್ದೆ?”

ಏಡಿಗಳು ಉಳಿಯುತ್ತಿದ್ದದ್ದು ತನ್ನ ಕೈಗುಣದಿಂದ ಎಂದೇ ಅಣ್ಣ ಅಷ್ಟು ವರ್ಷ ನಂಬಿದ್ದ.

“ಅವ್ವಾ, ನಾಳೆ ಹೊತ್ತು ಮೂಡೋಷ್ಟ್ರಲ್ಲಿ ನಿಂಗೆ ಏಡಿ ಕಳಿಸ್ತೀನಿ,” ಎಂದು ಅತ್ತಿಗೆ ಬಟ್ಟೆಗಂಟು ಎತ್ತಿಕೊಂಡು ನನ್ನ ಕ್ಯಾರಿಯರ್ ಹತ್ತಿದಳು. ನಾಳೆ ಯಾರ ಸೈಕಲ್ಲಿನಲ್ಲಿ ಕಳಿಸುತ್ತಾಳೆ ಎಂದು ನಾನು ಕೇಳಲಿಲ್ಲ, ಗೊತ್ತಿತ್ತು. ಅಣ್ಣ ಖಾಲಿ ಮಡಕೆ ಹಿಡಿದು ಹಿಂದೆ ಓಡಿಬಂದ. ಹಳ್ಳ ನೋಡಿಕೊಂಡು ತುಳಿ ಎಂದು ಈ ಸಲ ಯಾರೂ ಹೇಳಲಿಲ್ಲ, ಬೇಗ ತುಳಿ ಎಂದರು.

ಮನೆ ಮುಟ್ಟಿದ್ದೇ ಅತ್ತಿಗೆ ಗಂಟು ಬಿಸಾಕಿ ಹಂಡೆಗೆ ಕೈ ಹಾಕಿ, ಬಿರುಕು ಬಿಟ್ಟದ್ದೊಂದನ್ನು ಎತ್ತಿ ತನ್ನ ಮದುವೆಯ ಹಿತ್ತಾಳೆ ಗಂಗಾಳಕ್ಕೆ ಬಿಟ್ಟಳು. ಗಂಡ ಹೆಂಡತಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾನು ಒಂದು ಲೋಟ ನೀರು ಕೇಳಿದೆ. ಇಬ್ಬರೂ ಒಟ್ಟಿಗೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, “ಶ್!” ಎಂದರು.