ರುಮಾಲು ಸೇರಿಸಿ ಅಳೆದ ಎತ್ತರ

ಶಹಾಪುರದ ಆರೋಗ್ಯ ಶಿಬಿರಕ್ಕೆ ಗಂಡ ನನ್ನನ್ನು ಕರೆದೊಯ್ದದ್ದು ಕಾಳಜಿಯಿಂದಲ್ಲ. ನಾನು ದಪ್ಪ ಎಂದು ಕಾಗದದ ಮೇಲೆ ಬರೆಸಿಕೊಂಡು ಬರಬೇಕಿತ್ತು ಅವರಿಗೆ. ಬರೆಸಿಕೊಂಡೇ ಬಂದರು. ನನ್ನ ಬಿಎಂಐ ಇಪ್ಪತ್ತೇಳು, ಅವರದು ಇಪ್ಪತ್ತೆರಡು.

ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ, ಅಷ್ಟೇ. ಕುರಿಗಳಿಗೆ ಮೇವಿನ ಹೊರೆ ಹೊತ್ತು ಗಟ್ಟಿಯಾದ ನನ್ನ ಹೆಗಲು ಅದಕ್ಕೆ ಕಾಣುವುದಿಲ್ಲ. ಸುರಪುರದ ನಮ್ಮ ಕಿರಾಣಿ ಅಂಗಡಿಯ ಗಾದಿಯ ಮೇಲೆ ಕೂತು ಬೆಳೆದ ಅವರ ಹೊಟ್ಟೆಯೂ ಕಾಣುವುದಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಗಡಿಗೆ.

ಆ ಅಂಕಿಯಾದರೂ ಸರಿಯಿತ್ತೇ? ಎತ್ತರ ಅಳೆಯುವಾಗ ನರ್ಸ್ ಹೇಳಿದ್ದಳು, "ರುಮಾಲ ತೆಗೀರಿ ಸಾವ್ಕಾರ್ರ."

"ಮಂದಿ ಮುಂದ ಬರಿ ತಲೀಲೆ ನಿಲ್ಲಾಕ ನಮ್ಮನ್ಯಾಗ ಯಾರರ ಸತ್ತಾರೇನು? ಹಂಗಽ ಅಳೀರಿ."

ಹಿಂದೆ ಸಾಲು ಉದ್ದವಿತ್ತು. ಅಳೆದಳು. ನಾಲ್ಕು ಬೆರಳು ಬಟ್ಟೆ ಎತ್ತರಕ್ಕೆ ಸೇರಿತು, ಅಂಕಿ ಇಳಿಯಿತು.

"ಹೊಟ್ಟಿ ಸುತ್ತಳತಿನೂ ನೋಡಬೇಕ್ರಿ. ಶುಗರಿಗೆ ರಕ್ತ ಕೊಟ್ಟು ಹೋಗ್ರಿ," ಎಂದಳು.

"ನಾರ್ಮಲ್ ಅಂತ ಬರದೀರಲ್ಲ, ಮತ್ಯಾಕ ಸೂಜಿ?"

ನಾನು ಚುಚ್ಚಿಸಿಕೊಂಡೆ. ನನ್ನದು ಸರಿಯಿತ್ತು. ಅದನ್ನು ಅವರು ಕೇಳಲೂ ಇಲ್ಲ.

ಅಂದಿನಿಂದ ನನ್ನ ತಾಟಿನ ರೊಟ್ಟಿ ಎಣಿಸತೊಡಗಿದರು. ಹೊಲದಿಂದ ಬಂದು ಮೂರನೆಯದಕ್ಕೆ ಕೈ ಹಾಕಿದರೆ ಮಕ್ಕಳೆದುರೇ, "ಇಪ್ಪತ್ತೇಳು! ಸಾಕ ಮಾಡು," ಅನ್ನುವರು. ಎಷ್ಟೋ ದಿನ ಹಸಿದೇ ಎದ್ದಿದ್ದೇನೆ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮರುವರ್ಷ ಅವರಿಗೆ ಚಪ್ಪಲಿ ಕಚ್ಚಿದ ಗಾಯ ಮಾಯಲೇ ಇಲ್ಲ. ಹೆಬ್ಬೆರಳು ಕಪ್ಪಾಯಿತು. ಯಾದಗಿರಿಯ ಡಾಕ್ಟರು ರಕ್ತದ ವರದಿ ನೋಡಿ ಸಿಟ್ಟಾದರು.

"ಇಷ್ಟ್ ಶುಗರ್ ಇಟ್ಕೊಂಡು ಎಲ್ಲಿದ್ರಿ ಇಷ್ಟು ದಿನ?"

ಗಂಡ ಕಿಸೆಯಿಂದ ಶಿಬಿರದ ಚೀಟಿ ತೆಗೆದರು. ಮಡಿಕೆ ಮಡಿಕೆಯಲ್ಲೂ ಹರಿದಿತ್ತು. "ನಾರ್ಮಲ್ ಅದ ನೋಡ್ರಿ ಇದ್ರಾಗ."

ಡಾಕ್ಟರು ಚೀಟಿ ಓದಲಿಲ್ಲ. ಅಂಗಿಯ ಗುಂಡಿ ಬಿಗಿದು ನಿಂತ ಹೊಟ್ಟೆ ನೋಡಿದರು. ಬೆರಳು ತೆಗೆಯಬೇಕು ಎಂದರು.

ಆಪರೇಷನ್ನಿಗೆ ಒಯ್ಯುವ ಮುಂಚೆ ರುಮಾಲನ್ನು ತಾವೇ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅಷ್ಟು ಜನರ ನಡುವೆ ಅವರ ಬೋಳು ತಲೆ ಕಂಡು ಅಯ್ಯೋ ಅನ್ನಿಸಿದ್ದು ನಿಜ. ಸಿಟ್ಟು ಮಾತ್ರ ಇಳಿಯಲಿಲ್ಲ.

ಮನೆಗೆ ಬಂದ ದಿನ ಆಟೋದಿಂದ ಒಳಗಿನ ಮಂಚದವರೆಗೆ ನಾನೇ ಬೆನ್ನ ಮೇಲೆ ಹೊತ್ತೆ. ಹೊಸ್ತಿಲು ದಾಟುವಾಗ ಕಿವಿಯ ಹತ್ತಿರ ಮೆಲ್ಲಗೆ ಕೇಳಿದರು, "ವಜ್ಜ ಆತೇನ?"

"ನೀವು ನಾರ್ಮಲ್ ಅದೀರಲ್ರಿ," ಎಂದೆ.

ಮಂಚದ ಮೇಲೆ ಇಳಿಸಿ, ನಾಲ್ಕು ರೊಟ್ಟಿ ಹಾಕಿಕೊಂಡು ಬಂದು, ಅವರ ಎದುರಿಗೇ ಕೂತು ನಾಲ್ಕನ್ನೂ ತಿಂದೆ.