ಎಡಕ್ಕ ನೋಡ್ರಿ

ಯಾರಾದರೂ ಇಂಥ ಅನುಭವ ಹೇಳತೊಡಗಿದರೆ, ಸಮಯ ಎಷ್ಟಾಗಿತ್ತು, ಜೊತೆಗೆ ಯಾರಿದ್ದರು ಎಂದು ಮೊದಲು ಕೇಳುತ್ತಿದ್ದವಳು ನಾನು. ಅವರು ತಡವರಿಸಿದರೆ ನನ್ನ ನಂಬಿಕೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ವಿಷಯದಲ್ಲಿ ಸಮಯ ಗೊತ್ತಿದೆ: ಬೆಳಗಿನ ಆರು ಐವತ್ತೆರಡು. ಜೊತೆಗೆ ಯಾರೂ ಇರಲಿಲ್ಲ. ತೊಡಕಿರುವುದೇ ಅಲ್ಲಿ.

ಆಗ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಎಂ.ಎಸ್ಸಿ. ಓದುತ್ತಿದ್ದೆ. ಹಕ್ಕಿ ನೋಡುವ ಹುಚ್ಚು ಹತ್ತಿಸಿದವರು ನನ್ನ ಸ್ಕೂಟಿ ರಿಪೇರಿ ಮಾಡುತ್ತಿದ್ದ ಮೌಲಾ ಚಾಚಾ. ರವಿವಾರ ನಸುಕಿನಲ್ಲಿ ಇಬ್ಬರೂ ಕೆಲಗೇರಿ ಕೆರೆಗೆ ಹೋಗುತ್ತಿದ್ದೆವು. ಏರಿಯ ಮೇಲೆ ಕಾಲಿಟ್ಟರೆ ಸಾಕು, ಟಿಟ್ಟಿಭಗಳು ಗದ್ದಲ ಎಬ್ಬಿಸುತ್ತಿದ್ದವು.

"ಕೇಳ್ರಿ ಬಾಯಾರ, 'ಯಾಕ ಬಂದ್ರಿ, ಯಾಕ ಬಂದ್ರಿ' ಅನ್ನಾಕತ್ತಾವ. ಧಾರವಾಡದ ಹಕ್ಕಿ ನೋಡ್ರಿ, ಬೈದ್ರೂ 'ರಿ' ಹಚ್ಚೇ ಬೈತಾವ!" ಎಂದು ಚಾಚಾ ನಗುತ್ತಿದ್ದರು.

ಚಾಚಾ ಅವರದು ಒಂದು ಕಟ್ಟುನಿಟ್ಟು. ನೋಟ್‌ಬುಕ್ಕಿನಲ್ಲಿ ಹಕ್ಕಿಯ ಹೆಸರಿನ ಮುಂದೆ ಅದನ್ನು ಮೊದಲು ತೋರಿಸಿದವರ ಹೆಸರು ಇರಲೇಬೇಕು. "ತೋರಿಸಿದ ಮ್ಯಾಲ ಯಾರ ಬೇಕಾದ್ರೂ ನೋಡ್ತಾರ. ಖರೇ ಹೆಸರು ಬರೀರಿ," ಎನ್ನುತ್ತಿದ್ದರು.

ಎರಡು ಚಳಿಗಾಲ ನಾವು ಹುಡುಕಿದ್ದು ಒಂದು ಪುಟ್ಟ ವಲಸೆ ಹಕ್ಕಿಯನ್ನು. ಅದರ ಕೊರಳು ನೀಲಿ; ಜೊಂಡಿನ ಬುಡದಲ್ಲಿ ಅಡಗಿಯೇ ಇರುತ್ತದೆ. ಮಾರ್ಚ್ ಕಳೆದರೆ ಅದು ಉತ್ತರಕ್ಕೆ ಹೊರಡುತ್ತದೆ. ಪರೀಕ್ಷೆ ಮುಗಿದರೆ ನಾನೂ ಧಾರವಾಡ ಬಿಡುವವಳಿದ್ದೆ. ಅಷ್ಟರಲ್ಲಿ ಚಾಚಾ ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಯ ಆಸ್ಪತ್ರೆ ಸೇರಿದರು. "ನನ್ನ ದಾರಿ ಕಾಯಬ್ಯಾಡ್ರಿ. ಹಕ್ಕಿ ಏನು ಕಾಯೂದಿಲ್ಲ," ಎಂದರು.

ಆ ರವಿವಾರ ಒಬ್ಬಳೇ ಹೋದೆ. ನೀರಿನ ಮೇಲೆ ತೆಳುವಾಗಿ ಮಂಜಿತ್ತು. ಟಿಟ್ಟಿಭಗಳು ಎಂದಿನಂತೆ ವಿಚಾರಿಸಿಕೊಂಡು ಸುಮ್ಮನಾದವು. ಬಲಗಡೆಯ ಜೊಂಡಿನಲ್ಲಿ ಏನೋ ಅಲುಗಿತೆಂದು ಬೈನಾಕ್ಯುಲರ್ ಅತ್ತಲೇ ಹಿಡಿದು ಉಸಿರು ಬಿಗಿಹಿಡಿದಿದ್ದೆ. ಆಗ ಬೆನ್ನ ಹಿಂದಿನಿಂದ, ಎರಡು ಮಾರು ದೂರದಿಂದ ಎಂಬಂತೆ, ಸ್ಪಷ್ಟವಾಗಿ ಕೇಳಿಸಿತು: "ಎಡಕ್ಕ ನೋಡ್ರಿ ಬಾಯಾರ, ಎಡಕ್ಕ."

ಯೋಚಿಸದೆ ಎಡಕ್ಕೆ ತಿರುಗಿಸಿದೆ. ಅಲ್ಲಿತ್ತು! ಒಣಗಿದ ಕೆಸರಿನ ಮೇಲೆ, ಬಾಲ ಎತ್ತಿ, ಬಿಳಿ ಹುಬ್ಬು, ಕೊರಳ ತುಂಬ ನೀಲಿ, ನಡುವೆ ಕೆಂಡದಂಥ ಚುಕ್ಕೆ. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಬೈನಾಕ್ಯುಲರಿನೊಳಗೆ ಹಕ್ಕಿಯೇ ನಡುಗುತ್ತಿರುವಂತೆ ಕಂಡಿತು. ಅದು ಎರಡು ಸಲ ಕುಪ್ಪಳಿಸಿ ಜೊಂಡು ಹೊಕ್ಕಿತು. "ಕಂಡ್ತು ಚಾಚಾ!" ಎಂದು ಕೂಗುತ್ತಲೇ ಹಿಂತಿರುಗಿದೆ. ಏರಿ ಖಾಲಿ ಇತ್ತು. ಆಗ ಗಡಿಯಾರ ನೋಡಿದೆ.

ಹತ್ತು ಗಂಟೆಗೆ ಆಸ್ಪತ್ರೆಯಲ್ಲಿದ್ದೆ. ಸಕ್ಕರೆ ಕಾಯಿಲೆಯೆಂದು ರಾತ್ರಿ ಅವರನ್ನು ಅಲ್ಲೇ ಇರಿಸಿಕೊಂಡಿದ್ದರು. ನಾನು ಬಾಯಿ ತೆರೆಯುವ ಮೊದಲೇ ಚಾಚಿ ನಗುತ್ತ ದೂರು ಹೇಳಿದರು: "ಮುಂಜಾನಿ ನಿದ್ದಿಗಣ್ಣಾಗ 'ಎಡಕ್ಕ, ಎಡಕ್ಕ' ಅಂತ ಒದರಿದ್ರವ್ವಾ. ಎಡಗಣ್ಣು ನೋಯಾಕತ್ತೈತೇನೋ ಅಂತ ನರ್ಸ್ ಓಡಿ ಬಂದ್ಲು. ಆಪರೇಶನ್ ಆಗಿದ್ದು ಬಲಗಣ್ಣು!"

"ಎಷ್ಟು ಗಂಟೆಕ್ಕ, ಚಾಚಿ?"

"ಚಾ ಬರೂಕಿಂತ ಮೊದಲ. ಗಡಿಯಾರ ನೋಡ್ಲೋ, ಇವರನ್ನ ನೋಡ್ಲೋ?"

ಚಾಚಾ ಅವರಿಗೆ ಏನೂ ನೆನಪಿರಲಿಲ್ಲ. ಹಕ್ಕಿ ಕಂಡಿತೆಂದಾಗ ಮಾತ್ರ ಹಾಸಿಗೆಯಲ್ಲಿ ಎದ್ದು ಕುಳಿತು, ಕೊರಳಿನ ನೀಲಿ ಯಾವ ನೀಲಿಯೆಂದು ಮೂರು ಸಲ ಕೇಳಿದರು. ಧ್ವನಿಯ ವಿಷಯ ಹೇಳಿದಾಗ ಮತ್ತೆ ದಿಂಬಿಗೆ ಒರಗಿ ಅಂದರು: "ನನ್ನ ಹೆಸರು ಬರೀಬ್ಯಾಡ್ರಿ ಮತ್ತ. ನಾ ಇಲ್ಲೇ ಮಲಗಿದ್ದೆ."

ನನ್ನ ಹೆಸರನ್ನೂ ಬರೆಯಲಾರೆ. ನಾನು ನೋಡುತ್ತಿದ್ದುದು ಬಲಕ್ಕೆ. ನೋಟ್‌ಬುಕ್ಕಿನಲ್ಲಿ ಆ ಹಕ್ಕಿಯ ಹೆಸರಿನ ಮುಂದಿನ ಜಾಗ ಇನ್ನೂ ಖಾಲಿ ಇದೆ. ಟಿಟ್ಟಿಭದ ಕೂಗನ್ನೇ ತಪ್ಪಾಗಿ ಕೇಳಿಸಿಕೊಂಡೆನೆಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಟಿಟ್ಟಿಭಕ್ಕೆ ಬರುವುದು 'ಯಾಕ ಬಂದ್ರಿ' ಎಂಬ ಎರಡೇ ಮಾತು. 'ಎಡಕ್ಕ' ಎಂಬುದು ಅದರಲ್ಲಿಲ್ಲ.